ಬಡಗು ಗೋಡೆಯ ನಂಬರು

ಮಲ್ಪೆಯ ನಮ್ಮ ಐಸ್ ಪ್ಲಾಂಟಿನ ಬಡಗು ಗೋಡೆಯ ಮೇಲೆ
ಕಂಪ್ರೆಸರಿನ ನಂಬರನ್ನು ಆಳೆತ್ತರ ಬರೆಸಿದ್ದರು ಹಳೆಯ ಧಣಿ,
ಇನ್ಶೂರೆನ್ಸಿನವರಿಗೆ ರಸ್ತೆಯಿಂದಲೇ ಕಾಣಲಿ ಎಂದು.
ಕನ್ನಡದಲ್ಲೇ ಬರಿ ಅಂದರಂತೆ. ಪೇಂಟರ್ ಐತ ಬರೆದ.

೭೩೯೩೯೧೩೩

ಏಳು ಕೋಟಿ, ಮೂವತ್ತೊಂಬತ್ತು ಲಕ್ಷ,
ಮತ್ತೆ ಮೂವತ್ತೊಂಬತ್ತು ಸಾವಿರ, ನೂರ ಮೂವತ್ತಮೂರು.
ಸಾಲ ಅಂದುಕೊಂಡರೆ ಎದೆ ಒಡೆಯಬೇಕು.
ಬರೀ ನಂಬರಲ್ಲವೇ, ಯಾರೂ ಓದುತ್ತಿರಲಿಲ್ಲ.

ಇಲ್ಲಿ ಎಲ್ಲವೂ ಒಡೆಯಲಿಕ್ಕೇ ಇರುವುದು.
ಐವತ್ತು ಕಿಲೋದ ಗಡ್ಡೆ ಕ್ರಷರಿನ ಬಾಯಿಗೆ ಬಿದ್ದು
ಬಂಗುಡೆಯ ಮೈಗೆ ಒತ್ತುವ ಪುಡಿಯಾಗುತ್ತದೆ.
ನಾನು ಬಿಲ್ಲು ಬರೆಯುತ್ತೇನೆ.
ಬಿ.ಎಸ್ಸಿ. ಗಣಿತ, ಎರಡನೇ ದರ್ಜೆ.

ಜೂನ್ ಒಂದಕ್ಕೆ ಬೋಟುಗಳು ದಡ ಸೇರಿ ಹಗ್ಗ ಬಿಗಿದುಕೊಂಡವು.
ಅರವತ್ತೊಂದು ದಿನ ಕಂಪ್ರೆಸರಿಗೂ ಉಸಿರಿಲ್ಲ.
ಆ ಮಳೆಗಾಲ ಹಳೇ ಬಿಲ್ಲುಗಳ ಬೆನ್ನ ಮೇಲೆ
ಗೋಡೆಯ ನಂಬರನ್ನು ಒಡೆಯಲು ಕೂತೆ.

ಬೆಸ. ಎರಡು ಬಾಗಿಲಿಂದಲೇ ವಾಪಸು.
ಅಂಕಿ ಕೂಡಿದರೆ ಮೂವತ್ತೆಂಟು, ಮೂರು ಒಳಗೆ ಬರಲಿಲ್ಲ.
ಏಳು ಬಂತು, ಎರಡು ಉಳಿಸಿ ಹೋಯಿತು.
ಹದಿಮೂರು ಎಂಟು ಉಳಿಸಿತು. ಹತ್ತೊಂಬತ್ತು, ಆರು.
ಎಂಟು ಸಾವಿರದ ಐನೂರ ತೊಂಬತ್ತೆಂಟರ ತನಕ
ಸಾವಿರಕ್ಕೂ ಮಿಕ್ಕಿದ ಒಂಟಿ ಸಂಖ್ಯೆಗಳು,
ಒಂದೊಂದನ್ನೂ ಕರೆದು ಹೆಗಲು ಕೊಡಿಸಿದೆ.
ಧಕ್ಕೆಯಲ್ಲಿ ಬಲೆ ಹೊಲಿದು ಮುಗಿಯುವಾಗ
ನನ್ನ ಭಾಗಾಕಾರವೂ ಮುಗಿಯಿತು.
ಅವಿಭಾಜ್ಯ. ಒಂದು ಬಿರುಕೂ ಇಲ್ಲ.

"ಅಂದ್ರೆ ರೇಟು ಎಷ್ಟಾಯ್ತು?"
ಕೇಳಿದ ಕ್ರಷರಿನ ಬೂದ ಮೆಂಡನ್.

ಆ ಗೋಡೆಗೆ ಬಲಗಡೆ ಅಂದರೆ ಪಡುವಣ, ಕಡಲು.
ಉಪ್ಪುಗಾಳಿ ನಂಬರನ್ನು ಬಲದಿಂದ ಓದತೊಡಗಿತು.
ಕೊನೆಯ ಮೂರು ಹೊಪ್ಪಳೆ ಎದ್ದು ಉದುರಿದ ವರ್ಷ
ಉಳಿದದ್ದನ್ನು ಮತ್ತೆ ಕೂತು ನೋಡಿದೆ. ಒಡೆಯಲಿಲ್ಲ.
ಇನ್ನೊಂದು ಮೂರೂ ಹೋಯಿತು. ಒಡೆಯಲಿಲ್ಲ.
ಒಂದೂ ಹೋಯಿತು.

೭೩೯೩೯

ಆಮೇಲೆ ಗಾಳಿಗಾಗಿ ಕಾಯಲಿಲ್ಲ, ನಾನೇ ಅಳಿಸುತ್ತ ಬಂದೆ:
೭೩೯೩
೭೩೯
೭೩
೭
ಬುಡದ ತನಕ ಗಟ್ಟಿ.
ಬೂದನಿಗೆ ಹೇಳಿದೆ. ಅವನು ಗೋಡೆ ನೋಡಿದ, ನನ್ನನ್ನು ನೋಡಿದ,
"ನಮ್ಮ ಗಡ್ಡೆ ಹೀಗಿದ್ದರೆ ಮೀನು ಕೊಳೆಯುತ್ತಿತ್ತು" ಎಂದ.

ಈ ಸಲ ಹೊಸ ಧಣಿ, ಹೊಸ ಸುಣ್ಣ.
ಏಣಿಯ ಮೇಲೆ ಐತನ ಮೊಮ್ಮಗಳು ಸುಪ್ರೀತಾ,
ಬ್ರಶ್ಶಿನ ತುದಿಯಿಂದ ಕಪ್ಪು ತೊಟ್ಟಿಕ್ಕುತ್ತಿದೆ.
"ಮುಂದೆ ಎಂತ ಇತ್ತು ಅಕ್ಕಾ?"

ಕಂಪ್ರೆಸರಿನ ಪ್ಲೇಟು ತುಕ್ಕಿಗೆ, ಫೈಲು ಗೆದ್ದಲಿಗೆ.
ಹೇಳಿದ್ದೇ ನಂಬರು ಈಗ.
ಒಂದು, ಮೂರು, ಏಳು, ಒಂಬತ್ತು,
ಯಾವುದನ್ನಿಟ್ಟರೂ ಒಡೆಯದು, ನೋಡಿದ್ದೇನೆ.
ಆದರೆ ಏಳು, ಒಂಬತ್ತು ಅಲ್ಲಿಗೇ ದಾರಿ ಮುಗಿಸುತ್ತವೆ.
ಮೂರು ಇನ್ನೊಂದು ಹೆಜ್ಜೆ ಬರುತ್ತದೆ.
ಎರಡು ಹೆಜ್ಜೆ ಬರುವುದು ಒಂದೇ.

"ಒಂದು" ಎಂದೆ.
ಬರೆದಳು. "ಮತ್ತೆ?"
"ಮೂರು."
"ಮತ್ತೆ?"
"ಇನ್ನೊಂದು ಮೂರು."

ಗೋಡೆಯಲ್ಲಿ ಮೊಳದಷ್ಟು ಜಾಗ ಉಳಿದಿತ್ತು,
ಡಬ್ಬದಲ್ಲಿ ಬಣ್ಣವೂ.
"ಮತ್ತೆ ಅಕ್ಕಾ?"

ಸೊನ್ನೆಯಿಂದ ಒಂಬತ್ತರವರೆಗೆ
ಹತ್ತನ್ನೂ ಅಲ್ಲಿಟ್ಟು ನೋಡಿದ್ದೆ ಒಂದು ಮಳೆಗಾಲ.
ಹತ್ತೂ ಒಡೆದಿದ್ದವು.

"ಸಾಕು, ಇಳಿ" ಎಂದೆ.
ಒಳಗೆ ಕ್ರಷರು ಶುರುವಾಯಿತು.