ಹಿಂಬರಹ

ಟೊಲೀಡೊ, ಜನವರಿ. ಯಾದ್ವಿಗಾ ಪ್ರುಷಿನ್ಸ್ಕಾ
ನನ್ನ ಮೇಜಿನೆದುರು ಕೋಟು ಬಿಚ್ಚದೆ ಕೂತಿದ್ದಾಳೆ.
ನೆಲಮಾಳಿಗೆಯ ಹೊಸ ಫರ್ನೇಸು
ಮೂರು ದಿನ ಉರಿದು, ಕೆಮ್ಮಿ, ಸತ್ತಿತಂತೆ.
ಮಾರಿದವನ ನಂಬರಿಗೆ ಫೋನು ಮಾಡಿದರೆ
ಯಾವುದೋ ಬೇಕರಿಯಂತೆ.

ಇರಬಹುದು ತಾಯಿ.
ಆದರೆ ಈ ಕಾಗದ ನಮ್ಮ ಕೈಗೆ ಬಂದಾಗ
ವಾಯಿದೆ ಮೀರಿರಲಿಲ್ಲ, ತಿದ್ದಿದ ಗುರುತಿರಲಿಲ್ಲ.
ನೂರಕ್ಕೆ ಎಂಬತ್ತೆಂಟು ಎಣಿಸಿಕೊಟ್ಟೆವು.
ನಿಮ್ಮ ಚಳಿಯ ಸುದ್ದಿ ನಮಗೆ ಬಂದಿರಲಿಲ್ಲ.
(ಬರದಂತೆ ನೋಡಿಕೊಳ್ಳಲೆಂದೇ
ನನಗೆ ವಾರಕ್ಕೆ ಎಪ್ಪತ್ತು ಡಾಲರು.)

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ:
ಗಾದೆ ಅಲ್ಲಿಗೇ ಸುಸ್ತಾಗಿ ನಿಲ್ಲುತ್ತದೆ.
ಈರಭದ್ರನಿಂದ ಕೊಂಡವನಿಗೆ
ಹೆಸರಿಟ್ಟದ್ದು ಕಾನೂನು: ಯಥಾಕ್ರಮ ಧಾರಕ.
ಮಡಿಯುಟ್ಟು ನಿಂತವನು ಅವನು,
ಕೈಯಿಂದ ಕೈಗೆ ಬಂದದ್ದರ
ಯಾವ ಮೈಲಿಗೆಯೂ ತಾಗದು.
ಫರ್ನೇಸು ನಿಮ್ಮ ಅವನ ನಡುವಿನ ಮಾತು,
ಕಂತು ನಮ್ಮ ನಿಮ್ಮ ನಡುವಿನದು.

ಅವಳು ಕೈಗವಸು ಕಳಚಿದಳು,
ಕಾಗದ ಮಗುಚಿದಳು,
ಬೆನ್ನ ಮೇಲಿನ ರುಜುವಿಗೆ ಬೆರಳಿಟ್ಟಳು.
'ಇವನನ್ನು ನೀವು ನೋಡಿದ್ದೀರಾ?'

ಇಲ್ಲ ಅಂದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರ.
ನಾಳೆ ಹನ್ನೊಂದಕ್ಕೆ ಹೊಸ ಕಟ್ಟು ತರುತ್ತಾನೆ,
ಮರೆಯದೆ ಅವನಿಗೆ ಕಾಫಿ ತರಿಸಬೇಕು,
ಎರಡು ಚಮಚ ಸಕ್ಕರೆ.