ಬೆರಳುದ್ದ ಮೇಣಬತ್ತಿ

ಬೆಟಗೇರಿ. ಓಣಿ ತುಂಬ ಮಗ್ಗದ ಸದ್ದು.
ನಡುವೆ ನನ್ನ ಹತ್ತರಿ ಒಂದೇ
ಜಾಲಿ ಹಲಗೆಯನ್ನು ಕಚ್ಚಿಕೊಂಡು
ಹಟಮಾರಿ ಎತ್ತಿನಂತೆ ನಿಂತಿತ್ತು.

"ತೋಳಿನ್ಯಾಗ ಜೋರದ, ತಲಿಯೊಳಗಿಲ್ಲ"
ಅಂದ ಮಾನಪ್ಪ ಕಾಕಾ.
ಅಂಗಿ ಕಿಸೆಯಿಂದ ತೆಗೆದದ್ದು
ಬೆರಳುದ್ದ ಮೇಣಬತ್ತಿ.
ಹತ್ತರಿಯ ಹೊಟ್ಟೆಗೆ ಓರೆಯಾಗಿ ಎರಡೇ ಗೀರು,
ಅಳುವ ಕೂಸಿನ ಹೊಟ್ಟೆಗೆ
ಇಂಗಿನ ನೀರು ಹಚ್ಚಿದಂತೆ.
ಅದೇ ಹಲಗೆ. ಅದೇ ಅಲಗು.
ಸರ್ರಂತ ಒಂದು ಸುರುಳಿ ಎದ್ದು
ನನ್ನ ಮೊಣಕೈ ಮೇಲೆ ಬಂದು ಕೂತಿತು.

ನನ್ನ ಹುಮ್ಮಸ್ಸು ನೋಡ್ರಿ:
ಆ ರಾತ್ರಿ ಅವ್ವನ ಕುಸುಬಿ ಎಣ್ಣೆ ಕದ್ದು
ಉಳಿ, ಗರಗಸ, ಬಾಚಿ, ಬೈರಿಗೆ
ಎಲ್ಲಕ್ಕೂ ಅಭ್ಯಂಜನ!
ವಾರದೊಳಗೆ ಒಣಗಿ ಬೆಲ್ಲದ ಪಾಕದಂತೆ ಅಂಟು,
ಗರಗಸದ ಹಲ್ಲಿಗೆಲ್ಲ ಹೊಟ್ಟಿನ ಪಾಚಿ.
ಸೀಮೆಎಣ್ಣೆ ಬಟ್ಟಲ ಮುಂದೆ
ಒಂದೊಂದೇ ಹಲ್ಲು ತಿಕ್ಕುತ್ತ ಕೂತೆ.
ಕಾಕಾ ಬೈದ ಬೈಗುಳ
ಮಗ್ಗಗಳನ್ನೂ ದಾಟಿ ಹೋಯಿತು.
ಎಲ್ಲ ಹತ್ಯಾರದ ಮದ್ದು ಬಲ್ಲವ,
ತನ್ನ ನಾಲಿಗೆಗೆ ಮಾತ್ರ
ಏನೂ ಹಚ್ಚಿದವನಲ್ಲ.

ಈಗ ನನ್ನ ಕಿಸೆಯಲ್ಲೂ ಒಂದು ತುಂಡು,
ಒಂದು ಮಗ್ಗುಲು ಸವೆದು ಚಪ್ಪಟೆ.
ನಿನ್ನೆ ಕರೆಂಟು ಹೋದಾಗ
ಬೇರೇನೂ ಸಿಗದೆ ರೇಣವ್ವ ಅದನ್ನೇ ಹಚ್ಚಿದಳು.
ಉರಿಯ ನಡುವೆ ಚಟ್, ಚಟ್,
ಮೇಣದೊಳಗೆ ಸಿಕ್ಕಿಕೊಂಡ ಹೊಟ್ಟು.
"ಇದೇನ ವಾಸನಿ?" ಅಂದಳು.
"ಜಾಲಿ," ಅಂದೆ. "ಚೂರು ಬೇವು.
ಪೂರಾ ಉರಿಸಬ್ಯಾಡ,
ಮುಂಜಾನೆ ಗರಗಸಕ್ಕ ಬೇಕು."