ಅರ್ಜಿದಾರ

ನಲವತ್ತೊಂದು ವರ್ಷ, ಬದಿಯಡ್ಕದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ಮೂರು ಕಾಲಿನ ಮೇಜು, ನಾಲ್ಕನೆಯದಕ್ಕೊಂದು ಕೆಂಪುಕಲ್ಲು.
ಬೇರೆಯವರ ಸಂಕಟಕ್ಕೆ ಅಕ್ಷರ ಕೊಟ್ಟವ ನಾನು.
'ಮಾನ್ಯ ತಹಶೀಲ್ದಾರರ ಸನ್ನಿಧಾನಕ್ಕೆ' ಎಂದು ಶುರು,
'ತಮ್ಮ ವಿಧೇಯ' ಎಂದು ಕೊನೆ,
ನಡುವೆ ಹಿತ್ತಿಲು, ಕಾಲುದಾರಿ, ಬಾವಿಯ ಪಾಲು, ಅಣ್ಣತಮ್ಮಂದಿರ ಬೇಲಿ.
ಮೊದಮೊದಲು ಕನ್ನಡದಲ್ಲಿ ಎರಡು ರೂಪಾಯಿ,
ಮಲಯಾಳದಲ್ಲಾದರೆ ಮೂರು.
ಆ ಲಿಪಿ ಕಲಿತದ್ದು ಮೂವತ್ತು ದಾಟಿದ ಮೇಲೆ;
ಕಲಿತ ಕೂಲಿ ಒಂದು ರೂಪಾಯಿ.

ಕೇಳದೆ ಹೆಬ್ಬೆಟ್ಟು ಒತ್ತಬೇಡಿ ಮಾರಾಯ್ರೆ ಎಂದು
ಎಷ್ಟು ಜನರ ಕೈ ಹಿಡಿದು ನಿಲ್ಲಿಸಿದ್ದೇನೆ,
ಶಾಯಿಪ್ಯಾಡಿನ ಮುಚ್ಚಳ ಹಾಕಿ.

ಅಂಥವ
ಆಟಿ ತಿಂಗಳ ಒಂದು ಮಂಗಳವಾರ
ಗಂಜಿಗೆ ಉಪ್ಪಿನಕಾಯಿ ಹುಡುಕುತ್ತಾ
ಹಿಂದಿಯಲ್ಲಿ ಮಾತಾಡಿದ ಯಾರಿಗೋ
ಆರು ಅಂಕೆ ಓದಿ ಹೇಳಿದೆ.
ದೂಮಪ್ಪ ಸರ್, ಅಂದ. ಪಿಂಚಣಿ ನಿಲ್ಲುತ್ತದೆ ಸರ್,
ಈಗಲೇ ಸರಿಮಾಡೋಣ ಸರ್.
ಮುರುಕು ಮೇಜಿನವನಿಗೆ ಸರ್ ಅಂದವರು ಕಡಿಮೆ.

ಇದ್ದ ಎಪ್ಪತ್ತೆಂಟು ಸಾವಿರ ಹೋಯಿತು. ಹೋಗಲಿ.
ಇಲ್ಲದ ಎರಡು ಲಕ್ಷ ಸಾಲ ಬಂತು,
ನನ್ನ ಹೆಸರಲ್ಲಿ, ನಾನು ಕಾಣದ ಊರಿನ ಖಾತೆಗೆ,
ಒಂಬತ್ತು ನಿಮಿಷದಲ್ಲಿ ಮಂಜೂರು!
ಒಂದು ನಕಲು ಪ್ರತಿಗೆ ಒಂಬತ್ತು ವಾರ ಅಲೆದ ಕಾಲು ನನ್ನದು.

ಆಮೇಲೆ ಫೋನುಗಳು. ಹೆಂಗಸರ ದನಿ, ಗಂಡಸರ ದನಿ.
ಮಗಳ ಅತ್ತೆಗೂ ನನ್ನ ಫೋಟೋ ಕಳಿಸಿ
ಕೆಳಗೆ 'ಕಳ' ಎಂದು ಬರೆದರು.
ಒತ್ತಕ್ಷರ ಬಿಟ್ಟುಹೋಗಿತ್ತು;
ಕೈ ತಿದ್ದಲು ಹೋಯಿತು.

ಬರೆಯಲು ಕುಳಿತೆ. 'ಮಾನ್ಯ' ಎಂದು ಬರೆದೆ.
ಯಾರು ಮಾನ್ಯ?
ಮಡಚಿದ ಹಾಳೆ ಹನ್ನೆರಡು ದಿನ ಕಿಸೆಯಲ್ಲಿ.
ಒಗೆಯುವಾಗ ವಾರಿಜಳಿಗೆ ಸಿಕ್ಕಿ, ಓದಿದಳು, ಇದ್ದದ್ದೇ ಒಂದು ಪದ.
ಏನೂ ಕೇಳಲಿಲ್ಲ. ಚಪ್ಪಲಿ ಹಾಕಿಕೊಂಡಳು.

ವಿದ್ಯಾನಗರದ ಕೋರ್ಟು. ಕಾನೂನು ಸೇವಾ ಪ್ರಾಧಿಕಾರ.
ಬೋರ್ಡಿನಲ್ಲಿ ಕನ್ನಡ ಕೆಳಗೆ, ಸಣ್ಣದಾಗಿ; ಆದರೂ ಉಂಟು.
ಬೆಂಚಿನಲ್ಲಿ ನನ್ನ ಪ್ರಾಯದವರೇ:
ಚಿಟ್ಟಿ ಕಟ್ಟಿ ಕಳಕೊಂಡ ಮಧೂರಿನ ಟೀಚರು,
ಯಾರದೋ ಸಾಲಕ್ಕೆ ಜಾಮೀನು ನಿಂತ ಒಬ್ಬ ಬಡಗಿ.
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಆಸ್ಪತ್ರೆಯಲ್ಲಾದರೆ ಇಷ್ಟು ಹೊತ್ತಿಗೆ
ರೋಗದ ಹೆಸರು ಹೇಳಿಕೊಂಡಾಗುತ್ತಿತ್ತು.

ವಕೀಲೆ ಮಿಸ್ರಿಯಾ. ಇಪ್ಪತ್ತೇಳೋ ಎಂಟೋ.
ಫೀಸೆಷ್ಟು ಎಂದೆ. ಇಲ್ಲ, ಎಂದಳು.
ಬಂದ ನೋಟೀಸು ಬೆಳಕಿಗೆ ಹಿಡಿದಳು:
'ಇದು ಕೋರ್ಟಿನದಲ್ಲ, ಕೋರ್ಟಿನ ವೇಷ ಹಾಕಿದ್ದು.
ಹೆದರಬೇಡಿ. ಹರಿಯಲೂ ಬೇಡಿ, ಸಾಕ್ಷಿಗೆ ಬೇಕು.
ಒಂದು ಒಂಬತ್ತು ಮೂರು ಸೊನ್ನೆಗೆ ಕರೆದಿದ್ದಿರಾ?'
ಅದು ಅಪ್ಪ ಹುಟ್ಟಿದ ಇಸವಿ, ಅಷ್ಟೇ ಗೊತ್ತಿದ್ದದ್ದು.
'ಆಗಲೇ ಕರೆದಿದ್ದರೆ...' ಎಂದವಳು ಅಲ್ಲಿಗೇ ನಿಲ್ಲಿಸಿದಳು.
ನಿಲ್ಲಿಸಿದ್ದಕ್ಕೆ ನಾನು ಋಣಿ.
ಈ ಸಾಲ ಒಂದು ನಿಜ.

ಹೇಳಿ, ಬರೆಯುತ್ತೇನೆ, ಎಂದಳು.
ಮೇಜಿನ ಈಚೆ ನಾನು ಕುಳಿತದ್ದು ಅದೇ ಮೊದಲು.
ಗಂಟಲು ಸರಿಮಾಡಿಕೊಂಡು,
'ಸದರಿ ಅರ್ಜಿದಾರನು ಮೇಲ್ಕಾಣಿಸಿದ ದಿನಾಂಕದಂದು...'
ಪೆನ್ನು ನಿಂತಿತು.
'ಅರ್ಜಿದಾರ ಬೇಡ ಅಜ್ಜ. ನಾನು ಅನ್ನಿ.'

ನಾನು.
ಎಷ್ಟು ಜನರ ಬಾಯಿಂದ ಬಂದ ಆ ಪದವನ್ನು
ಹೊಡೆದುಹಾಕಿ, ಮೇಲೆ 'ಸದರಿಯವರು' ಬರೆದಿದ್ದೇನೆ.
'ನಾನು,' ಎಂದೆ. 'ನಾನೇ ಓದಿ ಹೇಳಿದೆ. ಆರು ಅಂಕೆ.
ಅವ ಸರ್ ಅಂದ. ನನಗೆ ಖುಷಿಯಾಯಿತು.'
ವಾರಿಜ ಕಿಟಕಿಯ ಕಡೆ ತಿರುಗಿದಳು.
ಖುಷಿಯಾದದ್ದನ್ನೂ ಬರೆಯಬೇಕೆ?
ಬೇಕಂತಿಲ್ಲ, ಎಂದಳು; ಬರೆದಳು.

ದುಡ್ಡು ಬಂದೇ ಬರುತ್ತದೆ ಎಂದು ಅವಳು ಹೇಳಲಿಲ್ಲ.
ಸಹಿಗೆ ಪೆನ್ನು ತೆಗೆದೆ.
ಹಾಳೆಯ ಮೇಲೆ ಅಂಗೈ ಇಟ್ಟಳು: 'ಮೊದಲು ಓದಿ.'
ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ.
ಅವಳೇ ಓದಿದಳು, ಗಟ್ಟಿಯಾಗಿ, ಬಾಗಿಲು ತೆರೆದೇ ಇತ್ತು.

ಹೊರಗೆ ಬಂದಾಗ ಮಧೂರಿನ ಟೀಚರು
ಸ್ವಲ್ಪ ಸರಿದು ಜಾಗ ಮಾಡಿದರು.
'ನನ್ನದು ಮೂರೂವರೆ,' ಎಂದರು.